ಅರ್ಧ ತಾಸು

ದೌಲತರಾಯನ ಮೊಣಕಾಲಿಗೆ ಮಗಳ ಹಿಮ್ಮಡಿ ಬಡಿಯುತ್ತಿತ್ತು. ಸೈಕಲ್ಲಿನ ಮುಂದಿನ ಸಣ್ಣ ಸೀಟಿನಲ್ಲಿ ಕೂತ ಮಹಾನಂದಾ ದಾರಿಯಲ್ಲಿ ಆಡು ಕಂಡರೆ ಒದೆಯುತ್ತಿದ್ದಳು, ನಾಯಿ ಕಂಡರೆ ಒದೆಯುತ್ತಿದ್ದಳು, ಏನೂ ಕಾಣದಿದ್ದರೆ ಸುಮ್ಮನೆ ಒದೆಯುತ್ತಿದ್ದಳು. ಒಂದೊಂದು ಒದೆತಕ್ಕೂ ಅವನಿಗೆ ಸಿಟ್ಟು ಬರುತ್ತಿತ್ತು, ಎರಡು ವರ್ಷದ ಕೂಸಿನ ಮೇಲೆ ಸಿಟ್ಟು ಬಂತಲ್ಲ ಎಂದು ನಾಚಿಕೆಯಾಗುತ್ತಿತ್ತು, ಆ ನಾಚಿಕೆಯೇ ಮತ್ತೆ ಸಿಟ್ಟಾಗಿ ತಿರುಗುತ್ತಿತ್ತು. ಅಫಜಲಪುರದ ಕೊನೆಯ ಮನೆಗಳು ಹಿಂದೆ ಬಿದ್ದು ಎರಡೂ ಕಡೆ ಹಾಲುಗಾಳಿನ ಜೋಳ ನಿಂತಿತ್ತು. ಸಂಕ್ರಾಂತಿ ಮುಗಿದು ವಾರವಾಗಿದ್ದರೂ ಥಂಡಿ ಇನ್ನೂ ಬಿಟ್ಟಿರಲಿಲ್ಲ. ಹೆಂಡತಿ ಶಿವಕಾಂತಾ ಏಳಕ್ಕೆ ಮುಂಚೆಯೇ ಶಾಲೆಗೆ ಹೋಗಿದ್ದಳು. ಹೆಣ್ಣುಮಕ್ಕಳ ಶಾಲೆಗೆ ಸ್ವಂತ ಕಟ್ಟಡವಿಲ್ಲದ್ದರಿಂದ ಅದು ಬೆಳಿಗ್ಗೆ ನಡೆಯುತ್ತಿತ್ತು, ಮಧ್ಯಾಹ್ನ ಅದೇ ಕೋಣೆಗಳಲ್ಲಿ ಗಂಡುಹುಡುಗರು ಕೂಡುತ್ತಿದ್ದರು. ಹೀಗಾಗಿ ಹತ್ತು ಗಂಟೆಗೆ ಪಕ್ಕದ ಮನೆಯ ಗಂಗಾಬಾಯಿ ಬಂದು ಎತ್ತಿಕೊಳ್ಳುವವರೆಗೆ ಕೂಸು ಅವನ ಪಾಲಿನದು. ಹೊತ್ತು ಹುಟ್ಟಿದಾಗಿನಿಂದ ಕಚೇರಿಗೆ ಹೋಗುವವರೆಗಿನ ಆ ಮೂರು ತಾಸು ತನ್ನವು ಎಂದು ಅವನು ಎಂದೋ ತಿಳಿದಿದ್ದ. ಈಗ ಅದರಲ್ಲಿ ಅರ್ಧ ತಾಸನ್ನಾದರೂ ಕಿತ್ತುಕೊಳ್ಳಬೇಕಾಗಿತ್ತು, ಯಾರಿಂದ ಎಂದು ಕೇಳಿಕೊಳ್ಳಲು ಮನಸ್ಸಾಗುತ್ತಿರಲಿಲ್ಲ.

ಇದೆಲ್ಲ ದಸರೆಯ ಹಿಂದುಮುಂದಿನ ಒಂದು ದಿನ ಶುರುವಾದದ್ದು. ತಹಶೀಲ ಕಚೇರಿಯ ಮೆಟ್ಟಿಲು ಹತ್ತಿ ಮೇಲೆ ಬಂದಾಗ ಅವನಿಗೆ ಏದುಸಿರು ಬಂದಿತ್ತು. ಹೆಡ್ ಕ್ಲರ್ಕು ಅವನ ಹೊಟ್ಟೆಯನ್ನು ನೋಡಿ, ಬಾಣಂತನ ಮನೆಯವರಿಗೆ ಆಯಿತೋ ನಿಮಗೋ ಎಂದು ಕೇಳಿದ್ದ. ಎಲ್ಲರೂ ನಕ್ಕರು, ದೌಲತರಾಯನೂ ನಕ್ಕ. ಮರುದಿನ ಅಟ್ಟದ ಮೇಲಿಂದ ಸೈಕಲ್ ಪಂಪು ಇಳಿಸಿದ. ಗುಲಬರ್ಗಾದಲ್ಲಿ ಓದುತ್ತಿದ್ದಾಗ ಕಾಲೇಜಿನ ಸೈಕಲ್ ಪಂದ್ಯದಲ್ಲಿ ಅವನು ಎರಡನೆಯವನಾಗಿ ಬಂದಿದ್ದ. ಮೊದಲು ಬಂದವನ ಹೆಸರು ಈಗ ಯಾರಿಗೂ ನೆನಪಿಲ್ಲ, ಅವನಿಗೆ ಮಾತ್ರ ಇತ್ತು. ಮನೆಯೊಳಗೆ ದಂಡ ಹೊಡೆಯಲು ನೋಡಿದರೆ ಕೂಸು ಬೆನ್ನಿನ ಮೇಲೆ ಹತ್ತಿ ಕುದುರೆ ಎನ್ನುತ್ತಿತ್ತು. ಒಮ್ಮೆ ಹನ್ನೊಂದನೆಯ ದಂಡದಲ್ಲಿ ಅವನು ಭುಜ ಕೊಡವಿದ. ಕೂಸು ಚಾಪೆಯ ಮೇಲೆ ಉರುಳಿ, ಅಪ್ಪ ಆಟವಾಡುತ್ತಿದ್ದಾನೆಂದು ತಿಳಿದು ಕೇಕೆ ಹಾಕಿ ನಕ್ಕಿತು. ಅವನು ಮಾತ್ರ ಆಟವಾಡಿರಲಿಲ್ಲ. ಚಾಂದಪಾಶಾನ ಸೈಕಲ್ ಅಂಗಡಿಯಲ್ಲಿ ಮುಂದಿನ ಸೀಟು ಹಾಕಿಸಿದ್ದು ಅದರ ಮರುದಿನವೇ. ಆದರೆ ಕೂಸನ್ನು ಕೂರಿಸಿಕೊಂಡು ಸೈಕಲ್ ಹೊಡೆಯುವುದೆಂದರೆ ಬಂಡಿಯ ಹಿಂದೆ ನಡೆದಂತೆ. ತಗ್ಗು ಬಂದರೆ ನಿಧಾನ, ಎತ್ತು ಬಂದರೆ ನಿಲುಗಡೆ. ಬೆವರು ಬರುವ ಮೊದಲೇ ಮನೆ ಬರುತ್ತಿತ್ತು.

ಊರಿಂದ ಒಂದು ಮೈಲಿಯಾಚೆ ಕಿರಾಣಿ ಅಂಗಡಿಯ ನಾಗಣ್ಣನ ಹೊಲ. ದಾರಿಯ ಬದಿಗೇ ಬೇವಿನ ಗಿಡ, ಅದರಾಚೆ ಜೋಳದ ನಡುವೆ ನಾಲ್ಕು ಕಂಬದ ಅಟ್ಟ. ಬೆಳಗಾದರೆ ನಿಂಬೆವ್ವ ಎಂಬ ಹೆಂಗಸು ಆ ಅಟ್ಟದ ಮೇಲೆ ನಿಂತು ಕವಣೆ ಬೀಸಿ ಹೋ ಹೋ ಎಂದು ಹಕ್ಕಿ ಕಾಯುತ್ತಿದ್ದಳು. ಅವಳ ಮಗ ಬೀರ್ಯಾ ಗಿಡದ ಕೆಳಗೆ. ಹಳೆಯ ಸೀರೆಯ ಉದ್ದನೆ ಅರಿವೆಯ ಒಂದು ತುದಿ ಬೊಡ್ಡೆಗೆ, ಇನ್ನೊಂದು ತುದಿ ಹುಡುಗನ ಸೊಂಟಕ್ಕೆ. ಮಹಾನಂದಾಳಷ್ಟೇ ಎತ್ತರದ ಹುಡುಗ. ಸಂಕ್ರಾಂತಿಗೆ ಹತ್ತು ದಿನ ಮೊದಲು ಅವನನ್ನು ನೋಡಿ ಇವಳು ಇಳಿಯುತ್ತೇನೆಂದು ಹಟ ಹಿಡಿದಳು. ದೌಲತರಾಯ ಇಳಿಸಿದ. ಎರಡೂ ಮಕ್ಕಳು ಎದುರುಬದುರು ಕೂತು ಒಂದರ ಮೂಗನ್ನು ಒಂದು ಮುಟ್ಟಿ ನೋಡಿದವು. ನಿಂಬೆವ್ವ ಅಟ್ಟದಿಂದ ಇಳಿದು ಬಂದು, ಆಡುತ್ತಿರಲಿ, ನೀವು ಹೋಗಿ ಬರ್ರಿ ಸಾಹೇಬ್ರ ಎಂದಳು. ಅವನು ಹಳ್ಳದ ಸೇತುವೆಯವರೆಗೆ ಹೋಗಿ ಬಂದ. ಅರ್ಧ ತಾಸು. ಆ ಅರ್ಧ ತಾಸಿನಲ್ಲಿ ಹ್ಯಾಂಡಲ್ಲಿನ ಮುಂದೆ ಏನೂ ಇರಲಿಲ್ಲ, ಬರಿಯ ರಸ್ತೆ. ಎದೆಯೊಳಗೆ ಹಳೆಯ ಕಿಟಕಿಯೊಂದು ಕಿರ್ರೆಂದು ತೆರೆದಂತಾಗಿ ಅವನಿಗೆ ಒಬ್ಬನೇ ನಗು ಬಂದಿತ್ತು. ಮರುದಿನವೂ ಬಿಟ್ಟ. ಮೂರನೆಯ ದಿನ ಹಿಂತಿರುಗಿ ಬಂದಾಗ ಮಗಳ ಸೊಂಟಕ್ಕೂ ಅಂಥದೇ ಅರಿವೆ ಕಟ್ಟಿತ್ತು. ದಾರಿಯ ಕಡೆ ಓಡಿ ಹೋಗಾಕತ್ತಿತ್ರಿ, ಅದಕ್ಕ ಎಂದಳು ನಿಂಬೆವ್ವ. ಅವನು ಗಂಟು ಬಿಚ್ಚಿ ಕೂಸನ್ನು ಸೀಟಿನ ಮೇಲೆ ಕೂರಿಸಿಕೊಂಡ. ಶಿವಕಾಂತಾಗೆ ಹೇಳುವ ಕಾರಣವೇನೂ ಇಲ್ಲ ಎಂದು ಮೊದಲ ಎರಡು ದಿನ ಅಂದುಕೊಂಡಿದ್ದ, ಆ ಗಂಟನ್ನು ನೋಡಿದ ಮೇಲೆ ಹೇಳಬಾರದು ಎಂದು ನಿಶ್ಚಯಿಸಿದ. ಎರಡು ಸಲ ಬಿಸ್ಕೀಟಿನ ಪುಡಿಕೆ ತಂದುಕೊಟ್ಟ. ನಿಂಬೆವ್ವ ಅದನ್ನು ಎರಡೂ ಮಕ್ಕಳಿಗೆ ಸಮನಾಗಿ ಹಂಚಿದಳು. ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ಅವನಿಗೆ ಅನ್ನಿಸಿತ್ತು.

ಈ ದಿನವೂ ಮಗಳನ್ನು ಗಿಡದ ಕೆಳಗೆ ಬಿಟ್ಟು ಹೊರಟ. ಸೇತುವೆ ಇನ್ನೂ ಕೂಗಳತೆಯಲ್ಲಿ ಇರುವಾಗ ಹಿಂದಿನಿಂದ ಸೈಕಲ್ಲಿಗೆ ಕಟ್ಟಿದ ಖಾಲಿ ಕ್ಯಾನುಗಳ ಸದ್ದು ಕೇಳಿಸಿತು. ಹಾಲಿನ ಕರೀಮಸಾಬ, ಐವತ್ತು ದಾಟಿದ ಮನುಷ್ಯ, ಊರಿಗೆ ಹಾಲು ಹಾಕಿ ತಿರುಗಿ ಹೊರಟಿದ್ದ. ಸಲಾಂ ಸಾಹೇಬ್ರ ಎಂದು ಬೀಡಿ ಕಚ್ಚಿದ ಬಾಯಲ್ಲೇ ಅಂದು, ಏನೂ ಅವಸರವಿಲ್ಲದವನಂತೆ ದೌಲತರಾಯನನ್ನು ದಾಟಿ ಮುಂದೆ ಹೋದ. ಕೇಳಿಸುವಷ್ಟು ದೂರ ಅವನ ಕ್ಯಾನುಗಳು ಒಂದಕ್ಕೊಂದು ಬಡಿಯುತ್ತ ಹೋದವು. ಸೇತುವೆ ಬಂತು. ತಿರುಗಬೇಕಾದ ಜಾಗ. ದೌಲತರಾಯ ತಿರುಗಲಿಲ್ಲ. ಮುದುಕನ ಬೆನ್ನಿನ ಮೇಲೆ ಕಣ್ಣಿಟ್ಟು ತುಳಿದ, ಸೀಟಿನಿಂದ ಎದ್ದು ನಿಂತು ತುಳಿದ, ತೊಡೆಗಳು ಉರಿಯತೊಡಗಿದರೂ ಬಿಡಲಿಲ್ಲ. ಗುಲಬರ್ಗಾದ ಆ ರಸ್ತೆಯ ಬದಿಯಲ್ಲಿ ನಿಂತು ಕೂಗುತ್ತಿದ್ದ ಹುಡುಗರ ಮುಖಗಳು, ಮುಂದಿದ್ದವನ ಒದ್ದೆ ಅಂಗಿ, ಎಲ್ಲ ಇಲ್ಲೇ ಇದ್ದವು. ನದಿಯ ಇಳಿಜಾರು ಶುರುವಾಗುವಲ್ಲಿ ಕೊನೆಗೂ ಹಿಂದೆ ಹಾಕಿದ. ಕರೀಮಸಾಬನಿಗೆ ಇದು ಪಂದ್ಯವೆಂದೇ ಗೊತ್ತಿರಲಿಲ್ಲ, ಅವನು ತನ್ನ ಊರಿನ ಕಾಲುದಾರಿಗೆ ಹೊರಳಿಕೊಂಡು ಹೋದ. ದೌಲತರಾಯ ಭೀಮೆಯ ದಂಡೆಯ ಮೇಲೆ ಕೂತ. ಮೈಯ ಬೆವರು ಗಾಳಿಗೆ ಆರುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ತನ್ನ ಮೈ ತನಗೆ ಸಿಕ್ಕಿದಂತೆ ಕಾಲು ಚಾಚಿದ. ಗಡಿಯಾರ ನೋಡಿದ, ಎಂಟೂವರೆಯಾಗಿತ್ತು. ನೋಡಿ, ಅಂಗಿಯ ತೋಳನ್ನು ಅದರ ಮೇಲೆ ಎಳೆದುಕೊಂಡ.

ತಿರುಗಿ ಬರುವಾಗ ಎದುರುಗಾಳಿ. ಬೇವಿನ ಗಿಡದ ಹತ್ತಿರ ಸೈಕಲ್ ಬಿಟ್ಟು ಇಳಿದಾಗ ಮಗಳಿರಲಿಲ್ಲ. ಅವಳನ್ನು ಕಟ್ಟುವ ಅರಿವೆ ಬಿಚ್ಚಿ ನೆಲದ ಮೇಲೆ ಬಿದ್ದಿತ್ತು, ಪಕ್ಕದ ಕಲ್ಲಿನ ಮೇಲೆ ರಕ್ತ. ನಾಲ್ಕು ಹನಿ, ಇನ್ನೂ ಕಪ್ಪಾಗಿರಲಿಲ್ಲ. ಅಟ್ಟದ ಮೇಲೆ ಯಾರೂ ಇಲ್ಲ, ಜೋಳದ ತೆನೆಗಳ ಮೇಲೆ ಗುಬ್ಬಿಗಳ ಹಿಂಡು ಕಪ್ಪಗೆ ಕೂತಿತ್ತು. ನಂದಾ, ನಂದಾ ಎಂದು ಎರಡು ಸಲ ಕೂಗಿದ. ಬೊಡ್ಡೆಯ ಕಡೆಯಿಂದ ಬೀರ್ಯಾ ಅಳುತ್ತಿದ್ದ. ಆ ಅಳು ತನ್ನ ಮಗಳದಲ್ಲ ಎಂಬುದಷ್ಟೇ ಅವನ ಕಿವಿಗೆ ಬಿತ್ತು. ಸೈಕಲ್ ಎತ್ತಿಕೊಂಡು ಊರ ಕಡೆ ಹೊಡೆದ. ಆ ಒಂದು ಮೈಲಿಯನ್ನು ಅವನು ಪಂದ್ಯದಲ್ಲೂ ಅಷ್ಟು ಜೋರಾಗಿ ಹೊಡೆದಿರಲಿಲ್ಲ.

ಬಜಾರದಲ್ಲಿ ನಾಗಣ್ಣನ ಅಂಗಡಿಯ ಮುಂದೆ ಮಂದಿ ನೆರೆದಿತ್ತು. ಮಹಾನಂದಾ ಅಂಗಡಿಯ ಕಟ್ಟೆಯ ಮೇಲೆ ಕೈಯಲ್ಲಿ ಬೆಲ್ಲದ ಚೂರು ಹಿಡಿದು ಕೂತಿದ್ದಳು, ಗದ್ದಕ್ಕೆ ಒಂದು ಚಿಂದಿ ಒತ್ತಿ ಕಟ್ಟಿತ್ತು. ಕೆಳಗೆ ನಿಂಬೆವ್ವ ನಿಂತಿದ್ದಳು, ಅವಳ ಸೆರಗಿನ ತುಂಬ ರಕ್ತದ ಕಲೆ. ನಡೆದದ್ದು ಇಷ್ಟು: ಬೀರ್ಯಾ ಅರಿವೆ ಹಿಡಿದು ಜಗ್ಗಿದ್ದ, ನಂದಾ ಮುಗ್ಗರಿಸಿ ಕಲ್ಲಿಗೆ ಗದ್ದ ಬಡಿಸಿಕೊಂಡಿದ್ದಳು, ರಕ್ತ ನಿಲ್ಲಲಿಲ್ಲ. ಸಾಹೇಬರ ದಾರಿ ನೋಡಿ ಸಾಕಾಗಿ ನಿಂಬೆವ್ವ ಕೂಸನ್ನು ಎತ್ತಿಕೊಂಡು, ಎಂದೋ ಸಾಹೇಬರ ಬಾಯಲ್ಲಿ ಕೇಳಿದ್ದ ಅದರ ತಾಯಿಯ ಶಾಲೆ ಹುಡುಕುತ್ತ ಊರೊಳಗೆ ಬಂದಿದ್ದಳು. ಇಬ್ಬರನ್ನೂ ಎತ್ತಿಕೊಂಡು ಅಷ್ಟು ದೂರ ಓಡಲಿಕ್ಕಾಗದೆ ತನ್ನ ಮಗನನ್ನು ಗಿಡಕ್ಕೆ ಕಟ್ಟಿದಂತೆಯೇ ಬಿಟ್ಟಿದ್ದಳು. ಹಕ್ಕಿ ಕಾಯಬೇಕಾದವಳು ಬಜಾರದಲ್ಲಿ ಕಂಡಳೆಂದು ನಾಗಣ್ಣ ತಡೆದು ನಿಲ್ಲಿಸಿದ್ದ. ಕೂಸಿನ ಅಪ್ಪ ದಿನಾ ಬಿಟ್ಟು ಹೋಗುತ್ತಾರೆ ಎಂದರೆ ಯಾರೂ ನಂಬಲಿಲ್ಲ. ಯಾವ ಸಾಹೇಬ ಎಂದರೆ ಅವಳಿಗೆ ಹೆಸರು ಗೊತ್ತಿರಲಿಲ್ಲ. ಆ ವರ್ಷ ಮಕ್ಕಳನ್ನು ಎತ್ತಿಕೊಂಡು ಹೋಗುವವರು ಬಂದಿದ್ದಾರೆಂಬ ಸುದ್ದಿ ಬೇರೆ ಊರೂರು ತಿರುಗುತ್ತಿತ್ತು.

ದೌಲತರಾಯನನ್ನು ಕಂಡು ಮಂದಿ ದಾರಿ ಬಿಟ್ಟಿತು. ಕಚೇರಿಯ ಇಬ್ಬರು ಜವಾನರೂ ಅಲ್ಲಿದ್ದರು. ಅವರ ಹಿಂದೆ ಚಹದ ಕಪ್ಪುಬಸಿ ಹಿಡಿದು ಹೆಡ್ ಕ್ಲರ್ಕು ನಿಂತಿದ್ದ.

"ಬರ್ರಿ ಸಾಹೇಬ್ರ," ಎಂದ ನಾಗಣ್ಣ. "ಕೂಸಿನ ಅಪ್ಪನ ನನ್ನ ಕಡಿ ಬಿಟ್ಟ ಹೋದ ಅಂತಾಳ ಈಕಿ. ನೀವು ಬಿಟ್ಟಿದ್ರೇನ್ರಿ?"

ಹೌದು ಎನ್ನುವ ಒಂದೇ ಮಾತು. ಅದು ನಾಲಗೆಯ ಮೇಲೆ ಬಂದು ಕೂತಿತ್ತು. ಅದರ ಹಿಂದೆಯೇ ಮುಂದಿನ ಪ್ರಶ್ನೆಗಳೂ ಬಂದು ನಿಂತವು: ಏತಕ್ಕೆ ಬಿಟ್ಟಿದ್ದಿರಿ, ಎಲ್ಲಿಗೆ ಹೋಗಿದ್ದಿರಿ. ಹೊಟ್ಟೆ ಕರಗಿಸಲು ಎಂದು ಹೆಡ್ ಕ್ಲರ್ಕನ ಎದುರು ಹೇಳುವುದು ಹೇಗೆ. ಅವನು ನಿಂಬೆವ್ವನ ಮುಖ ನೋಡಲಿಲ್ಲ, ಮಗಳನ್ನು ಎತ್ತಿಕೊಂಡ.

"ಕೂಸು ಮನಿ ಮುಂದ ಆಡಾಕತ್ತಿತ್ತು," ಎಂದ.

ನಾಗಣ್ಣನ ಕೈ ಎದ್ದದ್ದು, ಅದು ನಿಂಬೆವ್ವನ ಕೆನ್ನೆಗೆ ಬಿದ್ದದ್ದು ಒಟ್ಟಿಗೇ. ದೊಡ್ಡ ಸದ್ದೇನೂ ಆಗಲಿಲ್ಲ. ಮಹಾನಂದಾ ಬೆಲ್ಲ ಚೀಪುವುದನ್ನು ನಿಲ್ಲಿಸಿದಳು. ದೌಲತರಾಯನಿಗೆ ಆಗ ಮಾತು ಬಂತು, ಬಿಡ್ರಿ ನಾಗಣ್ಣ, ಕೂಸು ಸಿಕ್ಕಿತಲ್ಲ ಎಂದ. ಅದನ್ನು ಕೇಳಿ ಯಾರೋ ಸಾಹೇಬರದು ದೊಡ್ಡ ಮನಸ್ಸು ಎಂದರು. ನಿಂಬೆವ್ವ ಕೆನ್ನೆಯನ್ನೂ ಮುಟ್ಟಿಕೊಳ್ಳಲಿಲ್ಲ. "ನನ್ನ ಕೂಸು ಗಿಡದ ಬುಡಕ ಐತ್ರಿ," ಎಂದು ಯಾರಿಗೋ ಹೇಳಿ, ಮಂದಿಯನ್ನು ಸರಿಸಿಕೊಂಡು, ರಸ್ತೆಯಲ್ಲಿ ಓಡುತ್ತ ಹೋದಳು.

ದವಾಖಾನೆಯಲ್ಲಿ ಎರಡು ಹೊಲಿಗೆ ಹಾಕಿದರು. ಸುದ್ದಿ ಕೇಳಿ ಶಿವಕಾಂತಾ ಶಾಲೆಯಿಂದ ನೇರ ಮನೆಗೆ ಬಂದಾಗ ಅವನು ಅದೇ ಮಾತನ್ನು ಇನ್ನಷ್ಟು ಅಚ್ಚುಕಟ್ಟಾಗಿ ಹೇಳಿದ: ಸೈಕಲ್ಲಿಗೆ ಗಾಳಿ ಹಾಕುತ್ತಿದ್ದೆ, ಕಣ್ಣು ತಪ್ಪಿಸಿ ಹೋಗಿಬಿಟ್ಟಿತು. ಎರಡನೆಯ ಸಲ ಹೇಳುವಾಗ ಅದು ಸುಳ್ಳಿನಂತೆ ಕೇಳಿಸಲೂ ಇಲ್ಲ. ಅವಳು ಬಯ್ಯುತ್ತಾಳೆಂದು ಕಾದ. ಅವಳು ಬಯ್ಯಲಿಲ್ಲ. ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ಆಮೇಲೆ, ತಪ್ಪು ನನ್ನದು, ಹೆತ್ತವಳು ಮನೆಯಲ್ಲಿರದೆ ಊರ ಮಕ್ಕಳಿಗೆ ಪಾಠ ಹೇಳಲು ಹೋದರೆ ಇದೇ ಆಗುವುದು, ನಾಳೆ ಶಾಲೆಯ ಹೆಡ್ ಬಾಯಿಯವರಿಗೆ ರಾಜೀನಾಮೆ ಕೊಡುತ್ತೇನೆ ಎಂದಳು. ಆರು ವರ್ಷದ ನೌಕರಿ. ಮದುವೆಗೆ ಮೊದಲು ತಂದೆಯೊಡನೆ ಜಗಳವಾಡಿ ಹಿಡಿದ ನೌಕರಿ. ಬೇಡ ಎಂದು ಹೇಳಬೇಕೆಂದು ದೌಲತರಾಯ ಬಾಯಿ ತೆರೆದ. ಹಾಗೆ ತೆರೆದ ಅರೆಕ್ಷಣದಲ್ಲಿ, ಅವಳು ಮನೆಯಲ್ಲಿದ್ದರೆ ಬೆಳಗಿನ ಹೊತ್ತು ಪೂರ್ತಿ ತನ್ನದೇ, ನದಿಯವರೆಗೂ ಹೋಗಿ ಬರಬಹುದು ಎಂಬ ಲೆಕ್ಕ ತಾನಾಗಿ ಅವನ ತಲೆಯಲ್ಲಿ ಮೂಡಿತು. ಅವನು ಬಾಯಿ ಮುಚ್ಚಿದ. ಸುಳ್ಳು ಹೇಳಿದ್ದಕ್ಕಿಂತ, ಹೊಡೆತ ನೋಡುತ್ತ ನಿಂತದ್ದಕ್ಕಿಂತ ಈ ಒಂದು ಲೆಕ್ಕ ಅವನನ್ನು ಹೆದರಿಸಿತು. ತನ್ನೊಳಗೆ ಇಂಥದೊಬ್ಬ ಮನುಷ್ಯ ಇಷ್ಟು ಆರಾಮಾಗಿ ಕೂತಿದ್ದಾನೆಂದು ಅವನಿಗೆ ಗೊತ್ತಿರಲಿಲ್ಲ.

ಸಂಜೆ ಶಿವಕಾಂತಾ ಗೆರೆ ಕಾಗದ ತೆಗೆದು ಬರೆಯಲು ಕೂತಳು. ಮಹಾನಂದಾ ಗದ್ದದ ಪಟ್ಟಿಯೊಡನೆ ಅಡಿಗೆಮನೆಯ ಮಣೆಯನ್ನು ಎಳೆದು ತಂದು, ಅದರ ಮೇಲೆ ಹತ್ತಿ ನಿಂತು, ತಲೆಯ ಮೇಲೆ ಕೈಯನ್ನು ಗರಗರ ತಿರುಗಿಸಿ ಹೋ ಹೋ ಎಂದಳು. ಇಳಿದು ತನ್ನ ಲಂಗದ ಲಾಡಿಯನ್ನು ಕಿಟಕಿಯ ಸರಳಿಗೆ ಹಿಡಿದು, "ಬೀಯ್ಯಾ, ಕೂಡು," ಎಂದಳು. ಮತ್ತೆ ಮಣೆ ಹತ್ತಿ ಹೋ ಹೋ. ಶಿವಕಾಂತಾಳ ಪೆನ್ನು ನಿಂತಿತು. ಒಂದು ದಿನ ನೋಡಿದ್ದನ್ನು ಕೂಸು ಹೀಗೆ ಆಡುವುದಿಲ್ಲ ಎಂದು ಮಕ್ಕಳೊಡನೆ ಆರು ವರ್ಷ ಕಳೆದವಳಿಗೆ ಗೊತ್ತಿತ್ತು.

"ಬೀಯ್ಯಾ ಯಾರು?" ಎಂದಳು, ಕೂಸಿನ ಕಡೆ ಅಲ್ಲ, ಅವನ ಕಡೆ ನೋಡಿ.

ಇನ್ನೊಂದು ಸುಳ್ಳು ಕೈಗೆಟುಕುವಷ್ಟು ಹತ್ತಿರವೇ ಇತ್ತು. ಅವನು ಅದನ್ನು ಬಿಟ್ಟದ್ದು ಧೈರ್ಯದಿಂದಲ್ಲ, ದಣಿವಿನಿಂದ. ಗೋಡೆಗೆ ಒರಗಿ ನಿಂತು ಎಲ್ಲ ಹೇಳಿದ. ಗಿಡ, ಅರಿವೆ, ಸೇತುವೆ, ಕರೀಮಸಾಬ, ನದಿ, ನಾಗಣ್ಣನ ಕೈ. ಅವಳು ಎಷ್ಟು ದಿನದಿಂದ ಎಂದು ಒಮ್ಮೆ ಕೇಳಿದಳು, ಹದಿನೇಳು ದಿನ ಎಂದ. ಅವಳು ಗೆರೆ ಕಾಗದವನ್ನು ಎರಡು ಮಡಿಕೆ ಮಾಡಿ ಹರಿದಳು.

"ನಾ ನಾಳಿ ಸಾಲಿಗಿ ಹೋಗ್ತೇನಿ," ಎಂದಳು. "ನೀವು ಕೂಸಿನ ಕರಕೊಂಡು ಆಕಿ ಕಡಿ ಹೋಗಿ ಬರ್ರಿ. ಮದಲ ಆ ಅಂಗಡಿಗಿ ಹೋಗ್ರಿ."



ಮರುದಿನ ಅವನು ಸೈಕಲ್ ಮುಟ್ಟಲಿಲ್ಲ, ಮಗಳನ್ನು ಎತ್ತಿಕೊಂಡು ನಡೆದ. ನಾಗಣ್ಣ ಆಗಷ್ಟೇ ಅಂಗಡಿ ತೆರೆದು ಊದುಕಡ್ಡಿ ಹಚ್ಚುತ್ತಿದ್ದ. ಚಹ ಕುಡಿಯುತ್ತಿದ್ದ ನಾಲ್ಕು ಮಂದಿಯೂ ಇದ್ದರು. ಕೂಸನ್ನು ಬಿಟ್ಟು ಹೋಗಿದ್ದವನು ನಾನೇ, ಆ ಹೆಣ್ಣುಮಗಳು ಹೇಳಿದ್ದು ಖರೆ ಎಂದು ದೌಲತರಾಯ ರಾತ್ರಿಯಿಡೀ ಕಟ್ಟಿಟ್ಟಿದ್ದ ಮಾತನ್ನು ನಿಂತಲ್ಲೇ ಹೇಳಿ ಮುಗಿಸಿದ.  ಮುಗಿದ ಮೇಲೆ ಏನೋ ಆಗುತ್ತದೆ ಎಂದುಕೊಂಡಿದ್ದ. ಏನೂ ಆಗಲಿಲ್ಲ. ಊದುಕಡ್ಡಿಯನ್ನು ಪಟದ ಕಟ್ಟಿಗೆ ಸಿಕ್ಕಿಸಿ ನಾಗಣ್ಣ ಹೊರಳಿದ.

"ನಿಮ್ಮ ಸೈಕಲ್ ಆ ಗಿಡದ ಹಂತೇಕ ನಾ ಎರಡ ಸಲ ನೋಡೀನ್ರಿ," ಎಂದ ಮೆಲ್ಲಗೆ. "ಅದಕ್ಕ ನಿಮ್ಮನ್ನ ಕೇಳಿದೆ. ನೀವ ಇಲ್ಲ ಅಂದ ಮ್ಯಾಲ ನಾ ಏನ್ ಮಾಡ್ಲಿ?"

ಆಮೇಲೆ ಸಾಹೇಬರಿಗೆ ಒಂದು ಚಹ ಎಂದು ಎದುರಿನ ಹೋಟೆಲಿಗೆ ಕೂಗಿ ಹೇಳಿದ. ಕೂತಿದ್ದವರಲ್ಲಿ ಒಬ್ಬರು ಸರಿದು ಜಾಗ ಬಿಟ್ಟುಕೊಟ್ಟರು. ಇಷ್ಟು ಹೇಳಿಕೊಳ್ಳಲಿಕ್ಕೂ ಗುಂಡಿಗೆ ಬೇಕು ಎಂದು ಇನ್ನೊಬ್ಬರು ಮೆಚ್ಚಿದರು. ಹಾಗಾದರೆ ಮಗಳು ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದಾಗಲೇ ನಾಗಣ್ಣನಿಗೆ ಗೊತ್ತಿತ್ತು, ತಾನು ಸುಳ್ಳು ಹೇಳುವುದನ್ನು ನೋಡುತ್ತಲೇ ಅವನು ಕೈ ಎತ್ತಿದ್ದ, ಸಾಹೇಬನ ಮರ್ಯಾದೆ ಉಳಿಸಲೆಂದೇ ಎತ್ತಿದ್ದ. ಚಹ ಬಂತು. ದೌಲತರಾಯ ಬೇಡವೆನ್ನದೆ ಕುಡಿದ. ಬಿಸಿಯಾಗಿತ್ತು, ಚಳಿಗೆ ಹಿತವಾಗಿತ್ತು, ಹಿತವಾದದ್ದು ಗೊತ್ತಾಗಿ ಅರ್ಧಕ್ಕೇ ಬಿಟ್ಟು ಎದ್ದ.

ಹೊಲದವರೆಗಿನ ಒಂದು ಮೈಲಿ ನಡೆಯುವಷ್ಟರಲ್ಲಿ ಕೂಸು ಎರಡೂ ತೋಳುಗಳಲ್ಲಿ ಸೀಸದಂತೆ ಭಾರವಾಯಿತು. ನಿನ್ನೆ ಇದೇ ಭಾರವನ್ನು ಅವಳು ಓಡುತ್ತ ಹೊತ್ತು ತಂದಿದ್ದಳು. ಗಿಡದ ಕೆಳಗೆ ಈ ದಿನ ಯಾರೂ ಇರಲಿಲ್ಲ. ನಿಂಬೆವ್ವ ಅಟ್ಟದ ಮೇಲೆ ನಿಂತು ಕವಣೆ ಬೀಸುತ್ತಿದ್ದಳು, ಬೀರ್ಯಾನನ್ನು ಬೆನ್ನಿಗೆ ಕಟ್ಟಿಕೊಂಡಿದ್ದಳು. ತೋಳು ಬೀಸಿದಾಗಲೆಲ್ಲ ಹುಡುಗನ ತಲೆ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಹೊರಳುತ್ತಿತ್ತು. ಅವಳು ಅವನನ್ನು ನೋಡಿದಳು, ಇಳಿಯಲಿಲ್ಲ. ದೌಲತರಾಯ ಕೆಳಗೆ ನಿಂತು ತಲೆಯೆತ್ತಿ, ನನ್ನದು ತಪ್ಪಾಯಿತು ತಾಯಿ ಎಂದ. ಅಂಗಡಿಯಲ್ಲಿ ಎಲ್ಲರೆದುರು ಹೇಳಿ ಬಂದೆ ಎಂದ. ಅವಳು ಹೂಂ ಎಂದಳು, ದಿನದ ಕೆಲಸದ ನಡುವೆ ಯಾವುದೋ ಊರ ಸುದ್ದಿ ಕೇಳಿದವಳ ಹಾಗೆ. ಇನ್ನೊಂದು ಕಲ್ಲು ಬೀಸಿದಳು. ಹಕ್ಕಿಗಳು ಎದ್ದು ಹೊಲದ ಆಚೆ ಬದಿಗೆ ಹೋದ ಮೇಲೆ ಏಣಿ ಹಿಡಿದು ಇಳಿದು ಬಂದಳು. ಬೀರ್ಯಾನ ಕೆನ್ನೆಯ ಒಂದು ಬದಿ ಬೇವಿನ ತೊಗಟೆ ಒತ್ತಿದಂತೆ ಗೀರುಗೀರಾಗಿ ಕೆಂಪಾಗಿತ್ತು.

"ಒಂದ ಮಾತ ಕೇಳ್ತೇನ್ರಿ," ಎಂದಳು. "ನಿನ್ನಿ ನಾ ಇಲ್ಲದಾಗ ನೀವು ಗಿಡಕ ಬಂದಿದ್ರೇನ್ರಿ?"

"ಬಂದಿದ್ದೆ."

"ನಾ ತಿರುಗಿ ಬರೂದ್ರಾಗ ಗಿಡದ ಸುತ್ತ ತಿರಗಿ ತಿರಗಿ ಅರಿವಿ ಎಲ್ಲಾ ಸುತಗೊಂಡಿತ್ರಿ. ಮಾರಿ ಬೊಡ್ಡಿಗಿ ಒತ್ತಿತ್ತು, ಕುತಗಿ ಮಟ ಬಂದಿತ್ತು, ದನಿ ಹೊರಡವಲ್ದಾಗಿತ್ತು." ಅವಳು ಹಿಂದೆ ಕೈ ಹಾಕಿ ಮಗನ ಕಾಲು ಹಿಡಿದುಕೊಂಡಳು. "ನೀವು ಬಂದಾಗ ಸಡಲ ಇದ್ದನೇನ್ರಿ, ಇಲ್ಲಾ ಆಗಲೇ ಸುತಗೊಂಡಿದ್ದನ್ರಿ? ಎಷ್ಟೊತ್ತ ಹಂಗ ನಿಂತಿದ್ದ ಅಂತ ನನಗ ಗೊತ್ತಾಗವಲ್ತ್ರಿ."

ದೌಲತರಾಯ ನೆನಪು ಮಾಡಿಕೊಳ್ಳಲು ನೋಡಿದ. ಬಿಚ್ಚಿ ಬಿದ್ದ ಅರಿವೆ ಕಂಡಿತು, ಕಲ್ಲಿನ ಮೇಲಿನ ನಾಲ್ಕು ಹನಿ ಒಂದೊಂದಾಗಿ ಕಂಡವು, ತೆನೆಗಳ ಮೇಲಿನ ಗುಬ್ಬಿಗಳು ಕಂಡವು, ತನ್ನ ಏದುಸಿರು ಕೇಳಿಸಿತು. ಅಳು ಕೇಳಿಸಿತ್ತು, ಅದೂ ನೆನಪಿತ್ತು. ಬೊಡ್ಡೆ ಎರಡು ಹೆಜ್ಜೆಯಾಚೆ ಇತ್ತು. ಅಲ್ಲಿ ಒಬ್ಬ ಹುಡುಗ ಕೂತಿದ್ದನೋ ನಿಂತಿದ್ದನೋ, ಅವನ ಮುಖ ಯಾವ ಕಡೆಗಿತ್ತು, ಕೈಗಳು ಎಲ್ಲಿದ್ದವು, ಎಷ್ಟು ತಡಕಿದರೂ ಆ ಜಾಗದಲ್ಲಿ ಏನೂ ಇರಲಿಲ್ಲ. ಸಡಿಲವಾಗಿಯೇ ಇದ್ದ ಎಂದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಅವಳು ಅದನ್ನೇ ಕೇಳಲು ಬಯಸಿ ಅವನ ಬಾಯಿಯನ್ನೇ ನೋಡುತ್ತಿದ್ದಳು.

"ನಾ ನೋಡ್ಲಿಲ್ಲವ್ವಾ," ಎಂದ.

ನಿಂಬೆವ್ವ ಇನ್ನೂ ಸ್ವಲ್ಪ ಹೊತ್ತು ಅವನನ್ನು ನೋಡುತ್ತ ನಿಂತಳು, ಅವನು ಮುಂದೆ ಏನಾದರೂ ಹೇಳುತ್ತಾನೆಂಬಂತೆ. ಮಹಾನಂದಾ ಅವಳ ಬೆನ್ನ ಮೇಲಿನ ಹುಡುಗನನ್ನು ಹೆಸರು ಹಿಡಿದು ಕರೆದಳು. ಅವನು ಕಣ್ಣು ತೆರೆದನೇ ಹೊರತು ತಿರುಗಲಿಲ್ಲ. ಆಚೆ ಬದಿಯಲ್ಲಿ ಹಕ್ಕಿಗಳು ಮತ್ತೆ ಇಳಿದಿದ್ದವು. ಅವಳು ಸೆರಗು ಬಿಗಿದುಕೊಂಡು ಏಣಿ ಹತ್ತಿದಳು.